ಕಂಬಳದ ಕೋಣ ಮತ್ತು ಅಣುವ್ರತದ ಅಹಿಂಸೆ

ಅಹಿಂಸೆಯನ್ನು ಧರ್ಮದ ಮೊದಲ ಮೆಟ್ಟಿಲಾಗಿಸಿದ ಜೈನಮತವು ಶತಮಾನಗಳ ಕಾಲ ಅರಸುಮನೆತನಗಳ ಮತವಾಗಿದ್ದ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಸೀಮೆಗಳಲ್ಲಿಯೇ, ಬೆತ್ತ ಹಿಡಿದವನ ಮುಂದೆ ಕೋಣಗಳು ಕೆಸರುಗದ್ದೆಯಲ್ಲಿ ಓಡುವ ಕಂಬಳವೂ ಆ ಮನೆತನಗಳ ಆಶ್ರಯದಲ್ಲಿ ಬೆಳೆಯಿತೆಂಬುದು ಧರ್ಮವಿಚಾರಕ್ಕೆ ಸುಲಭವಾಗಿ ಒಗ್ಗುವ ಸಂಗತಿಯಲ್ಲ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳನ್ನು ಉಳಿಸಿಕೊಟ್ಟ ಭಂಡಾರವೂ ಅಲ್ಲಿಯದೇ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿ ಇದ್ದಾನೆ. ಅದೇ ವೇಣೂರಿನ ಪೆರ್ಮುಡದಲ್ಲಿ ‘ಸೂರ್ಯ-ಚಂದ್ರ’ ಜೋಡುಕರೆ ಕಂಬಳ, ಮೂಡುಬಿದಿರೆಯ ಕಡಲಕೆರೆಯಲ್ಲಿ ‘ಕೋಟಿ-ಚೆನ್ನಯ’ ಕಂಬಳ, ಬಂಟ್ವಾಳ ತಾಲೂಕಿನಲ್ಲಿ ‘ಮೂಡೂರು-ಪಡೂರು’, ಹೊಕ್ಕಾಡಿಗೋಳಿಯ ‘ವೀರ-ವಿಕ್ರಮ’, ಕಕ್ಯಪದವಿನ ‘ಸತ್ಯ-ಧರ್ಮ’ ಕಂಬಳಗಳು ನಡೆಯುತ್ತ ಬಂದಿವೆ. ಮೂಡುಬಿದಿರೆಯ ಚೌಟರು, ವೇಣೂರು-ಅಳದಂಗಡಿಯ ಅಜಿಲರು, ಬಂಗಾಡಿ-ನಂದಾವರದ ಬಂಗರು ಎಲ್ಲರೂ ಜೈನರೇ. ಅರಸು ಕಂಬಳವೆಂಬ ಹೆಸರು ಇಂಥ ಮನೆತನಗಳ ಗದ್ದೆಯಲ್ಲಿ ನಡೆಯುವ ಕಂಬಳಕ್ಕೆ ಬಂದದ್ದು.

ಈ ಸಹವಾಸವನ್ನು ವಿರೋಧಾಭಾಸವೆಂದು ಬದಿಗೊತ್ತುವುದು ಸುಲಭ, ಆದರೆ ಅದರಿಂದ ವಿಷಯ ತಿಳಿಯುವುದಿಲ್ಲ. ಮೊದಲಿಗೆ ಕಂಬಳವೆಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಆಚರಣೆಗಳಿವೆ ಎಂಬುದನ್ನು ಗಮನಿಸಬೇಕು. ಒಂದು, ಪೂಕರೆ ಕಂಬಳ ಅಥವಾ ದೇವರ ಕಂಬಳ: ಮನೆತನದ ಅಥವಾ ದೇವಸ್ಥಾನದ ದೊಡ್ಡ ಗದ್ದೆಯನ್ನು ಊರಿನವರೆಲ್ಲ ತಮ್ಮ ಕೋಣಗಳನ್ನು ತಂದು ಉತ್ತು ಹದಮಾಡಿ, ಗದ್ದೆಯ ನಡುವೆ ಪೂಕರೆ ಎಂಬ ಅಲಂಕರಿಸಿದ ಕಂಬವನ್ನು ನೆಟ್ಟು, ದೈವಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ ಬಿತ್ತನೆಗೆ ತೊಡಗುವ ಕ್ರಮವಿದು. ಇಲ್ಲಿ ಕೋಣಗಳು ಗದ್ದೆಗಿಳಿಯುತ್ತವೆ, ಓಡಲೂಬಹುದು. ಆದರೆ ಗೆಲ್ಲುವವರಿಲ್ಲ, ಏಕೆಂದರೆ ಅಳೆಯುವವರಿಲ್ಲ. ಎತ್ತು-ಕೋಣಗಳ ರೂಪದ ನಂದಿಗೋಣ, ಮೈಸಂದಾಯ ಮೊದಲಾದ ದೈವಗಳನ್ನು ನಂಬುವ ತುಳುನಾಡಿನ ಬೇಸಾಯಗಾರನಿಗೆ ಆ ಗದ್ದೆಯಲ್ಲಿ ಕೋಣವು ದುಡಿಮೆಯ ಜೊತೆಗಾರನೂ ಹೌದು, ಪೂಜ್ಯವೂ ಹೌದು. ಇನ್ನೊಂದು, ಜೋಡುಕರೆ ಕಂಬಳ: ‘ಕರೆ’ ಎಂದರೆ ಕೋಣಗಳು ಓಡುವ ನೀಳವಾದ ಕೆಸರಿನ ಹಾದಿ, ಅಂಥ ಎರಡು ಹಾದಿಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿ, ‘ಗಂತು’ ಎಂಬ ಆರಂಭದ ತಾಣದಿಂದ ಎರಡು ಜೋಡಿಗಳನ್ನು ಒಮ್ಮೆಗೇ ಬಿಟ್ಟು, ‘ಮಂಜೊಟ್ಟಿ’ ಎಂಬ ಕೊನೆಯ ಏರಿಯನ್ನು ಮೊದಲು ಮುಟ್ಟಿದ ಜೋಡಿಗೆ ಬಹುಮಾನ ಕೊಡುವ ಸ್ಪರ್ಧೆಯಿದು. ಇಂದು ಈ ತೀರ್ಪನ್ನು ಕಣ್ಣಳತೆಗೆ ಬಿಡದೆ ಲೇಸರ್ ಕಿರಣಕ್ಕೆ ಒಪ್ಪಿಸಲಾಗಿದೆ. ಕಂಬಳದ ಪರವಾಗಿ ವಾದಿಸುವವರು ಮೊದಲನೆಯದರ ಪಾವಿತ್ರ್ಯವನ್ನು ಎರಡನೆಯದಕ್ಕೆ ಎರವಲು ಕೊಡುತ್ತಾರೆ, ವಿರೋಧಿಸುವವರು ಎರಡನೆಯದರ ಪೆಟ್ಟನ್ನು ಮೊದಲನೆಯದರ ಬೆನ್ನಿಗೂ ಹೊರಿಸುತ್ತಾರೆ. ಧರ್ಮದ ಪ್ರಶ್ನೆ ನಿಜವಾಗಿ ಏಳುವುದು ಎರಡನೆಯದರಲ್ಲಿ.

ಜೈನ ನೀತಿಶಾಸ್ತ್ರವು ಸಂಸಾರಿಯಿಂದ ಪೂರ್ಣ ಅಹಿಂಸೆಯನ್ನು ನಿರೀಕ್ಷಿಸುವುದಿಲ್ಲ. ಮುನಿಗೆ ಮಹಾವ್ರತ, ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಅಣುವ್ರತ. ಹಿಂಸೆಯನ್ನು ಅದು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ, ಅಡುಗೆ ಮುಂತಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ, ಬೇಸಾಯದಂಥ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ. ಗೃಹಸ್ಥನು ಬಿಡಲೇಬೇಕಾದುದು ಮೊದಲನೆಯದನ್ನು ಮಾತ್ರ. ಉಳುವಾಗ ಎರೆಹುಳು ಸತ್ತರೂ, ನೊಗಕ್ಕೆ ಕೋಣವನ್ನು ಕಟ್ಟಿದರೂ ಅದು ಉದ್ಯೋಗೀ ಹಿಂಸೆಯ ಎಲ್ಲೆಯೊಳಗಿನದು. ಮೊದಲ ತೀರ್ಥಂಕರನಾದ ಋಷಭನಾಥನೇ ಜನರಿಗೆ ಕೃಷಿಯನ್ನು ಕಲಿಸಿದನೆಂದು ನಂಬುವ ಮತಕ್ಕೆ ಬೇಸಾಯವನ್ನು ಪಾಪವೆಂದು ತಳ್ಳಿಹಾಕಲು ಬರುವಂತಿರಲಿಲ್ಲ. ಪೂಕರೆ ಕಂಬಳಕ್ಕೆ ಜೈನ ಅರಸರು ಒಡೆತನ ವಹಿಸಿದ್ದು ಈ ದೃಷ್ಟಿಯಿಂದ ವಿಚಿತ್ರವೇನಲ್ಲ.

ಆದರೆ ಅದೇ ಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರವೂ ಅಹಿಂಸಾಣುವ್ರತಕ್ಕೆ ಐದು ‘ಅತಿಚಾರ’ಗಳನ್ನು ಹೇಳುತ್ತವೆ, ಅತಿಚಾರವೆಂದರೆ ವ್ರತವನ್ನು ಪೂರ್ತಿ ಮುರಿಯದಿದ್ದರೂ ಅದಕ್ಕೆ ಕಲೆ ಹಚ್ಚುವ ನಡತೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು ಅಥವಾ ಚುಚ್ಚುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು ಎಂಬ ಈ ಐದೂ, ಕೊಂದು ತಿನ್ನುವವನಿಗಲ್ಲ, ದನ-ಕೋಣ ಸಾಕಿ ದುಡಿಸಿಕೊಳ್ಳುವವನಿಗೆ ಹೇಳಿದ ಮಾತುಗಳೆಂಬುದು ಪಟ್ಟಿಯನ್ನು ನೋಡಿದ ಕೂಡಲೇ ತಿಳಿಯುತ್ತದೆ.

ಈ ಪಟ್ಟಿಯನ್ನು ಹಿಡಿದು ಕರೆಯ ಬಳಿಗೆ ಬಂದರೆ ವಾದ ಎಷ್ಟೋ ಸ್ಪಷ್ಟವಾಗುತ್ತದೆ. ಕಂಬಳದ ಕೋಣಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕಿ ಮೀಯಿಸುತ್ತಾರೆ, ಬೇಸಿಗೆಗೆ ಹಟ್ಟಿಯಲ್ಲಿ ಫ್ಯಾನು ಹಾಕುತ್ತಾರೆ. ಯಜಮಾನನ ಮನೆಯ ಮಕ್ಕಳಿಗೂ ಇಷ್ಟು ಉಪಚಾರ ಸಿಗದೆಂಬ ಮಾತಿನಲ್ಲಿ ಉತ್ಪ್ರೇಕ್ಷೆ ಹೆಚ್ಚಿಲ್ಲ. ಆದ್ದರಿಂದ ಅನ್ನನೀರಿನ ಅತಿಚಾರ ಇಲ್ಲಿಲ್ಲ. ಹಗ್ಗದ ವಿಭಾಗದಲ್ಲಿ ಓಡಿಸುವವನು ನೊಗಕ್ಕೆ ಕಟ್ಟಿದ ಹಗ್ಗವನ್ನಷ್ಟೇ ಹಿಡಿದಿರುತ್ತಾನೆ, ನೇಗಿಲಿನ ವಿಭಾಗದ ಮರದ ತುಂಡೂ ಹಗುರವೇ. ಭಾರದ ಅತಿಚಾರವೂ ಹೆಚ್ಚಿನ ಮಟ್ಟಿಗೆ ಇಲ್ಲ. ಮೂಗುದಾರ ಮತ್ತು ನೊಗ ಬೇಸಾಯದಿಂದ ಬಂದ ಬಳುವಳಿ. ಉಳಿಯುವುದು ಒಂದೇ, ಬೆತ್ತ. ಯಜಮಾನನ ಪ್ರೀತಿಯನ್ನು ಪೆಟ್ಟಿಗೆ ಪರಿಹಾರವೆಂದು ಮುಂದಿಡುವ ವಾದ ಅತಿಚಾರಗಳ ಈ ಕ್ರಮದಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಐದರಲ್ಲಿ ನಾಲ್ಕನ್ನು ಬಿಟ್ಟವನಿಗೆ ಐದನೆಯದು ಮಾಫಿಯೆಂದು ಶಾಸ್ತ್ರ ಎಲ್ಲಿಯೂ ಲೆಕ್ಕ ಹಾಕಿಲ್ಲ. ಹೊಲದಲ್ಲಿ ಬಿದ್ದ ಪೆಟ್ಟಿಗೆ ಅನ್ನದ ನೆಪವಾದರೂ ಇತ್ತು. ಕರೆಯಲ್ಲಿ ಬೀಳುವ ಪೆಟ್ಟು ಸೆಕೆಂಡಿನ ನೂರನೆಯ ಒಂದಂಶಕ್ಕಾಗಿ ಬೀಳುತ್ತದೆ. ಅದನ್ನು ಉದ್ಯೋಗೀ ಎನ್ನುವುದು ಕಷ್ಟ.

ಆಧುನಿಕ ನ್ಯಾಯಾಲಯವೂ ತನ್ನದೇ ದಾರಿಯಲ್ಲಿ ಐದರ ಪಟ್ಟಿಯೊಂದಕ್ಕೆ ಬಂದಿತೆಂಬುದು ಕುತೂಹಲಕರ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಹಸಿವು-ಬಾಯಾರಿಕೆ, ಭಯ, ದೈಹಿಕ ಅನನುಕೂಲ, ನೋವು-ರೋಗ ಇವುಗಳಿಂದ ಬಿಡುಗಡೆ ಹಾಗೂ ಸಹಜ ವರ್ತನೆಗೆ ಅವಕಾಶ ಎಂಬ ‘ಐದು ಸ್ವಾತಂತ್ರ್ಯ’ಗಳನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೊಳಗೆ ಓದಿತು. ಆ ತೀರ್ಪಿನ ಬೆಳಕಿನಲ್ಲಿ 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೆ ತಡೆ ನೀಡಿತು. ರಾಜ್ಯವು 2017ರಲ್ಲಿ 1960ರ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ವಿನಾಯಿತಿ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಕೊನೆಯ ತೀರ್ಪನ್ನು ಕಂಬಳಕ್ಕೆ ಸಿಕ್ಕ ಧಾರ್ಮಿಕ ಮಾನ್ಯತೆಯೆಂದು ಬಗೆಯುವುದು ತಪ್ಪು. ಪರಂಪರೆ ಯಾವುದೆಂದು ತೀರ್ಮಾನಿಸುವ ಕೆಲಸ ಶಾಸನಸಭೆಯದೆಂದು ಪೀಠ ಹೇಳಿತು, ಅಷ್ಟೆ. ಪಂಚ ಸ್ವಾತಂತ್ರ್ಯಗಳು ಪ್ರಾಣಿಯ ಕಡೆಯಿಂದ ನೋಡಿದ ಲೆಕ್ಕವಾದರೆ ಪಂಚ ಅತಿಚಾರಗಳು ಒಡೆಯನ ಕಡೆಯಿಂದ ನೋಡಿದ ಲೆಕ್ಕ. ಶಾಸನಸಭೆ ಮೊದಲನೆಯದನ್ನು ಸಡಿಲಿಸಬಲ್ಲುದು, ಎರಡನೆಯದು ಅದರ ಕೈಯಲ್ಲಿಲ್ಲ.

ವೇಗದ ಪಂದ್ಯವೇ ದೋಷವೆಂದು ಇದರಿಂದ ಹೇಳಿದಂತಾಗುವುದಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1911ರಿಂದ, ಎರಡೂವರೆ ಮೈಲಿ ಸುತ್ತಳತೆಯ ಅಂಡಾಕಾರದ ಪಥದಲ್ಲಿ, ಚಕ್ರಗಳಿಗೆ ಮುಚ್ಚಿಗೆಯಿಲ್ಲದ ಕಾರುಗಳು ಇನ್ನೂರು ಸುತ್ತು ಓಡುವ ಪಂದ್ಯ ನಡೆದಿದೆ, ಅದರಲ್ಲಿ ಚಾಲಕರು ಸತ್ತೂ ಇದ್ದಾರೆ. ಆದರೂ ಅಲ್ಲಿನ ನೈತಿಕ ಚರ್ಚೆಯ ಸ್ವರೂಪ ಬೇರೆ. ಕಾರಿಗೆ ನೋವಿಲ್ಲ, ಚಾಲಕನು ಅಪಾಯವನ್ನು ತಿಳಿದು ಒಪ್ಪಿದವನು. ಕರೆಯಲ್ಲಿ ಒಪ್ಪಿಗೆ ಕೊಟ್ಟವನು ಓಡಿಸುವವನು, ನೋವನ್ನು ಉಣ್ಣುವುದು ಕೋಣ. ಕೋಣಕ್ಕೆ ಓಟ ಇಷ್ಟವೆಂದು ಯಜಮಾನರು ಹೇಳುವುದುಂಟು. ಇಷ್ಟವಿದ್ದರೆ ಬೆತ್ತ ಏಕೆಂಬ ಮರುಪ್ರಶ್ನೆಗೆ ಉತ್ತರ ಬೇಕು.

ಒಪ್ಪಿಗೆಯ ಮಾತು ಬಂದಾಗ ಕೋಣದ ಬಗೆಗಷ್ಟೇ ಮರುಗಿ ಸುಮ್ಮನಾಗುವುದು ಇನ್ನೊಂದು ಬಗೆಯ ಕುರುಡು. ಕಂಬಳದ ಹಿಂದಿನ ರಾತ್ರಿ, ತುಳುನಾಡಿನ ಶೋಷಿತ ಸಮುದಾಯವಾದ ಕೊರಗರನ್ನು ಗದ್ದೆಯ ಬದಿಯಲ್ಲಿ ಇಬ್ಬನಿಗೆ ಕೂರಿಸಿ ಡೋಲು ಬಾರಿಸಿ ಹಾಡಿಸುವ ‘ಪನಿಕುಲ್ಲುನಿ’ ಎಂಬ ಕಟ್ಟಳೆ ಈ ಸೀಮೆಯಲ್ಲಿ ನಡೆದು ಬಂದಿತ್ತು. ತುಳುವಿನಲ್ಲಿ ‘ಪನಿ’ ಎಂದರೆ ಇಬ್ಬನಿ, ‘ಕುಲ್ಲುನಿ’ ಎಂದರೆ ಕೂರುವುದು. ಕೋಣಗಳು ಇಳಿಯುವ ಮೊದಲು ಕೆಸರಿನಲ್ಲಿ ಮುಳ್ಳು-ಕಲ್ಲು ಇದೆಯೇ ಎಂದು ತಿಳಿಯಲು ಅವರನ್ನೇ ಓಡಿಸುತ್ತಿದ್ದ ನೆನಪೂ ಆ ಸಮುದಾಯದಲ್ಲಿದೆ. ಕೋಣದ ಗೊರಸಿಗೆ ತೋರಿದ ಕಾಳಜಿ ಮನುಷ್ಯನ ಪಾದಕ್ಕೆ ಸಲ್ಲದಿದ್ದ ಈ ವ್ಯವಸ್ಥೆಯನ್ನು ಅಪರಾಧವಾಗಿಸಿದ್ದು ಬಸದಿಯೂ ಅಲ್ಲ, ದೈವದ ಚಾವಡಿಯೂ ಅಲ್ಲ. ಕರ್ನಾಟಕವು 2000ದಲ್ಲಿ ತಂದ ಅಜಲು ಪದ್ಧತಿ ನಿಷೇಧ ಕಾಯ್ದೆ. ಕೊರಗರಿಂದ ಕಡ್ಡಾಯವಾಗಿ ಮಾಡಿಸುತ್ತಿದ್ದ ಇಂಥ ಸೇವೆಗಳನ್ನೇ ಅಜಲು ಎನ್ನುತ್ತಿದ್ದರು. ಪರಂಪರೆಯ ಒಂದು ಅಂಗವನ್ನು ಕತ್ತರಿಸಿದರೆ ಪರಂಪರೆಯೇ ಸಾಯುತ್ತದೆಂಬ ಹೆದರಿಕೆ ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ: ಪನಿಕುಲ್ಲುನಿ ಅಪರಾಧವಾದ ಮೇಲೆ ಕಂಬಳ ಬೆಳೆಯಿತೇ ಹೊರತು ಸೊರಗಲಿಲ್ಲ.

2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ನೂರು ಮೀಟರಿಗೆ 9.55 ಸೆಕೆಂಡೆಂದು ಭಾಗಿಸಿ ಉಸೇನ್ ಬೋಲ್ಟ್‌ನ 9.58ಕ್ಕೆ ಹೋಲಿಸಲಾಯಿತು. ಓಟಗಾರರನ್ನು ಎಳೆದೊಯ್ದ ಎರಡು ಕೋಣಗಳು ಆ ಭಾಗಾಕಾರದಲ್ಲಿ ಕಾಣಿಸಲಿಲ್ಲ. ಕಾಲಮಾಪನವು ಕಂಬಳದ ಕಣ್ಣನ್ನು ಎಲ್ಲಿಂದ ಎಲ್ಲಿಗೆ ತಿರುಗಿಸಿದೆ ಎಂಬುದನ್ನು ತಿಳಿಯಲು ಈ ಒಂದು ಲೆಕ್ಕ ಸಾಕು. ಇದಕ್ಕೆ ಪ್ರತಿಯಾಗಿ ಅದೇ ಕಂಬಳದಲ್ಲಿ ಕನೆಹಲಗೆ ಎಂಬ ವಿಭಾಗವಿದೆ: ತೂತುಳ್ಳ ಹಲಗೆಯ ಮೇಲೆ ಒಂದು ಕಾಲೂರಿ ನಿಂತವನು ಕೋಣಗಳನ್ನು ಓಡಿಸುವಾಗ ತೂತಿನಿಂದ ಚಿಮ್ಮುವ ನೀರು, ಆರೂವರೆ ಅಥವಾ ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಇಲ್ಲಿಯೂ ವೇಗ ಬೇಕು, ಆದರೆ ಗೆಲ್ಲಿಸುವುದು ಗಡಿಯಾರವಲ್ಲ, ಹದ. ಯಾರನ್ನೂ ಸೋಲಿಸದೆ ಗೆಲ್ಲಬಹುದಾದ ಈ ವಿಭಾಗ ಪೂಕರೆ ಗದ್ದೆಗೆ ಹಗ್ಗದ ಓಟಕ್ಕಿಂತ ಹತ್ತಿರವಾದದ್ದು, ಮತ್ತು ಇಡೀ ಕಂಬಳದಲ್ಲಿ ಅತ್ಯಂತ ಚೆಲುವಾದದ್ದು.

ಹನ್ನೆರಡನೆಯ ತೀರ್ಥಂಕರನಾದ ವಾಸುಪೂಜ್ಯನ ಲಾಂಛನ ಕೋಣವೆಂಬುದು ಈ ಸೀಮೆಯ ಬಸದಿಗಳಿಗೆ ಹೋಗಿಬರುವವರಿಗೆ ತಿಳಿಯದ ವಿಷಯವಲ್ಲ. ಕಂಬಳದ ಯಜಮಾನರಲ್ಲಿ, ಸಮಿತಿಗಳಲ್ಲಿ, ತೀರ್ಪುಗಾರರಲ್ಲಿ ಜೈನ ಗುತ್ತುಮನೆಗಳವರು ಇಂದಿಗೂ ಇದ್ದಾರೆ. ಬೆತ್ತವನ್ನು ಕರೆಯಿಂದ ಹೊರಗಿಡುವ ಮಾತನ್ನು ಪ್ರಾಣಿದಯಾ ಸಂಸ್ಥೆಗಳ ಅರ್ಜಿಗೂ ನ್ಯಾಯಾಲಯದ ಇನ್ನೊಂದು ತೀರ್ಪಿಗೂ ಕಾಯದೆ ಅವರೇ ಮೊದಲು ಎತ್ತಬೇಕು. ನವೆಂಬರಿನಲ್ಲಿ ಹೊಸ ಋತುವಿನ ಕರೆಗಳಿಗೆ ನೀರು ಬಿಡುವ ಮುನ್ನ ನಡೆಯುವ ಸಮಿತಿ ಸಭೆಯಲ್ಲಿ ಅದನ್ನು ಮೊದಲ ವಿಷಯವಾಗಿ ಮಂಡಿಸಬೇಕು.