ಅಪ್ಪಣೆ ಬೇರೆ, ಒಪ್ಪಿಗೆ ಬೇರೆ

ನಮ್ಮ ಬೀದಿಯಲ್ಲಿ ನನಗಿರುವ ಚೂರುಪಾರು ಹೆಸರು ಕೈಬರಹದಿಂದ ಬಂದದ್ದು. ಇಪ್ಪತ್ತೊಂಬತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ವಿಧವಾ ವೇತನದ ಅರ್ಜಿ, ಖಾತೆ ಬದಲಾವಣೆಯ ಅರ್ಜಿ, ನಲ್ಲಿಯಲ್ಲಿ ನೀರಿಲ್ಲವೆಂಬ ದೂರು ಎಲ್ಲವನ್ನೂ ಬರೆದುಕೊಡುವವಳು ನಾನೇ. ಅರ್ಜಿ ಬರೆಯಲು ಎಂದೂ ಹಿಂದೆಮುಂದೆ ನೋಡಿದವಳಲ್ಲ. ಆದರೆ ಮೊನ್ನೆ ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಎರಡು ಬಿಳಿ ಹಾಳೆ ಹಿಡಿದು ಬಂದು, "ಟೀಚರೇ, ಅಬಕಾರಿಯವರಿಗೆ ಒಂದು ಅರ್ಜಿ ಬರೆದುಕೊಡಬೇಕಲ್ಲ. ಮನೆಯಲ್ಲೇ ವೈನ್ ಮಾಡಿ ಮಾರುವುದಕ್ಕೆ ಲೈಸೆನ್ಸ್ ಕೇಳಬೇಕು" ಅಂದಾಗ ನನ್ನ ಪೆನ್ನು ನಿಂತುಬಿಟ್ಟಿತು.

ನಾನು ಹಾಸನದ ಕಡೆಯಿಂದ ಟೀಚರ್ ಕೆಲಸಕ್ಕೆಂದು ಮಡಿಕೇರಿಗೆ ಬಂದು ಇಲ್ಲಿಯೇ ನೆಲೆನಿಂತವಳು. ಅಕ್ಕ ಕೊಡವರ ಮನೆಯವರು. ಅವರಲ್ಲಿ ಹಿರಿಯರಿಗೆ ಎಡೆ ಇಡುವಾಗ ಅನ್ನ, ಮಾಂಸದ ಜೊತೆಗೆ ಮದ್ಯವನ್ನೂ ಇಟ್ಟು ಕೈಮುಗಿಯುತ್ತಾರೆ. ನಮ್ಮ ಮನೆಯಲ್ಲಿ ಆ ಪದವನ್ನು ಬಾಯಲ್ಲಿ ಆಡಿದರೂ ಅಜ್ಜಿ ಬಾಯಿ ತೊಳೆದುಕೊಂಡು ಬಾ ಅನ್ನುತ್ತಿದ್ದರು. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ಮನೆಯ ನಡುವಿನ ಕಲ್ಲುಗೋಡೆ ದಾಟಿ ಕಡಂಬುಟ್ಟು ಬಂದಿದೆ, ಹೋಳಿಗೆ ಹೋಗಿದೆ, ಕಷ್ಟಸುಖ ಎರಡೂ ಕಡೆಗೆ ಓಡಾಡಿದೆ. ದಾಟದೆ ಉಳಿದದ್ದು ಅವರ ವೈನ್ ಒಂದೇ. ಅವರು ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ.

ಮಾಡುವುದನ್ನು ಮಾತ್ರ ನೋಡಿದ್ದೇನೆ. ಬಯಲುಸೀಮೆಯಿಂದ ಬರುವ ಕಪ್ಪು ದ್ರಾಕ್ಷಿ, ನಾವು ಬೆಂಗಳೂರು ನೀಲಿ ಅನ್ನುತ್ತೇವಲ್ಲ, ಅದನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ತೇವ ಆರಿದ ಮೇಲೆ ಭರಣಿಯಲ್ಲಿ ಒಂದು ಪದರ ದ್ರಾಕ್ಷಿ, ಒಂದು ಪದರ ಸಕ್ಕರೆ. ಮೇಲೆ ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಚಕ್ಕೆಯ ಚೂರು, ಚಿಟಿಕೆ ಯೀಸ್ಟ್. ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆಯ ಮೂಲೆಯಲ್ಲಿಟ್ಟು ದಿನಾ ಬೆಳಿಗ್ಗೆ ಮರದ ಸೌಟಿನಿಂದ ತಿರುವಬೇಕು. ಮುಚ್ಚಳ ಬಿಗಿಯಾದರೆ ಒಳಗೆ ಹುಟ್ಟುವ ಗಾಳಿಗೆ ಭರಣಿಯೇ ಸಿಡಿದೀತು. ಇಪ್ಪತ್ತೊಂದು ದಿನವಾದ ಮೇಲೆ ಸೋಸಿ, ತಿಳಿಯಾಗಲು ಬಿಡಬೇಕು. ನೋಡುತ್ತಾ ನಿಂತವಳಿಗೆ ಅನ್ನಿಸಿದ್ದುಂಟು, ಇದು ನಾನು ಮಾಡುವ ದೋಸೆಹಿಟ್ಟಿನ ದೂರದ ನೆಂಟನೇ ಅಲ್ಲವೇ ಎಂದು. ಕಣ್ಣಿಗೆ ಕಾಣದ ಜೀವಿಗಳು ಹಿಟ್ಟಿನಲ್ಲಿ ಹುಳಿ ಎಬ್ಬಿಸುತ್ತವೆ, ದ್ರಾಕ್ಷಿಯ ಸಿಹಿಯಲ್ಲಿ ಮತ್ತು ಹುಟ್ಟಿಸುತ್ತವೆ.

ಯಜಮಾನರು ತೀರಿಕೊಂಡ ಮೇಲೆ ಅಕ್ಕನಿಗೆ ಕಾಫಿ ತೋಟದ ಚಿಕ್ಕ ತುಂಡೊಂದೇ ಆಧಾರ. ಮಗಳ ಓದು ಬೇರೆ. ಪೇಟೆಯ ಅಂಗಡಿಯೊಂದರವರು ವರ್ಷಕ್ಕೆ ಇಷ್ಟು ಬಾಟಲಿ ಎಂದು ಕೊಳ್ಳತೊಡಗಿದರು. ಮಡಿಕೇರಿಗೆ ಬಂದವರು ನೋಡಿಯೇ ಇರುತ್ತೀರಿ. ಜೇನು, ಏಲಕ್ಕಿ, ಕಾಫಿಪುಡಿ, ಕಾಚಂಪುಳಿಯ ಪಕ್ಕದಲ್ಲಿಯೇ 'ಹೋಂ ಮೇಡ್ ವೈನ್' ಸಾಲಾಗಿ ನಿಂತಿರುತ್ತದೆ. ದ್ರಾಕ್ಷಿಯದು, ಶುಂಠಿಯದು, ವೀಳ್ಯದೆಲೆಯದು, ಸೂಜಿಮೆಣಸಿನದು ಕೂಡ. ಹಾಗೆ ಎದುರಿಗೇ ಇದ್ದದ್ದರಿಂದ ಇದು ಕಾನೂನಿಗೆ ಹೊರತಾದದ್ದು ಎಂದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದಷ್ಟೇ ಅಲ್ಲ, ತಯಾರಿಸುವುದೂ ತಪ್ಪು.

ಹಾಗಾದರೆ ಅಕ್ಕನಿಗೆ ಈಗ ಲೈಸೆನ್ಸಿನ ನೆನಪು ಯಾಕೆ ಬಂತು? ಯಾರೂ ಹಿಡಿದಿರಲಿಲ್ಲ, ಹೆದರಿಸಿರಲಿಲ್ಲ. ಒಂದು ದಿನ ಬಾಟಲಿ ಕೊಡಲು ಹೋದಾಗ ಪ್ರವಾಸಕ್ಕೆ ಬಂದ ಹೆಂಗಸೊಬ್ಬರು ಅಂಗಡಿಯವನನ್ನು, "ಇದನ್ನು ಮಾಡಿದ್ದು ಯಾರು? ಎಷ್ಟು ಮತ್ತು ಇದೆ ಇದರಲ್ಲಿ?" ಎಂದು ಕೇಳಿದರಂತೆ. ಅವನು ಅಕ್ಕನ ಎದುರಿಗೇ, "ಯಾರೋ ಮನೆಯವರು ಮಾಡ್ತಾರೆ ಮೇಡಂ, ಏನೂ ಆಗಲ್ಲ ಬಿಡಿ" ಅಂದನಂತೆ.

"ಇಷ್ಟು ವರ್ಷ ಮಾಡಿ ಕೊನೆಗೆ ನಾನು 'ಯಾರೋ' ಆಗಿಬಿಟ್ಟೆ ಟೀಚರೇ" ಅಂದರು ಅಕ್ಕ. "ನನ್ನ ಅತ್ತೆ ಕಲಿಸಿದ ಕೈಗುಣ ಇದು. ಕದ್ದ ಮಾಲಿನ ಹಾಗೆ ಯಾಕೆ ಕೊಡಬೇಕು?"

ಬರೆದುಕೊಡುತ್ತೇನೆ, ಮೊದಲು ಕಚೇರಿಯಲ್ಲಿ ವಿಚಾರಿಸೋಣ ಎಂದು ನಾನು ಜಾರಿಕೊಂಡೆ. ಇಬ್ಬರೂ ಹೋದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಅಡುಗೆಮನೆಯಲ್ಲಿ ಆಗುವುದಿಲ್ಲಮ್ಮ, ಬೇರೆ ಬಾಗಿಲಿನ ಬೇರೆ ಕಟ್ಟಡ ಬೇಕು. ಅದರ ನಕ್ಷೆ, ಜಾಗದ ದಾಖಲೆ, ಸ್ಥಳೀಯ ಸಂಸ್ಥೆಯ ಒಪ್ಪಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಆಹಾರ ಸುರಕ್ಷತೆಯವರ ಲೈಸೆನ್ಸ್, ಪಾತ್ರೆಪಾತ್ರೆಯ ಅಳತೆ. ಎಷ್ಟು ದ್ರಾಕ್ಷಿ ಬಂತು, ಎಷ್ಟು ರಸವಾಯಿತು, ಎಷ್ಟು ಬಾಟಲಿ ಹೋಯಿತು ಎಂಬ ದಿನದಿನದ ಲೆಕ್ಕ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಗತೊಡಗಿದರು. "ಅಲ್ಲ ಟೀಚರೇ, ನಮ್ಮ ಮನೆಯ ಕೋವಿಗೆ ಲೈಸೆನ್ಸ್ ಬೇಡ. ಭರಣಿಗೆ ಬೇಕು!"

ಅದೂ ನಿಜವೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಕ್ಕನ ಮನೆಯ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಸರ್ಕಾರ ಒಬ್ಬರ ಕೈಯಲ್ಲಿ ಯಾವುದನ್ನು ನಂಬಿ ಬಿಡುತ್ತದೆ, ಯಾವುದನ್ನು ಬಿಡುವುದಿಲ್ಲ ಎಂಬುದಕ್ಕೆ ಚರಿತ್ರೆ ಕಾರಣ, ತರ್ಕವಲ್ಲ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ನಕ್ಷೆಯೂ ಅಲ್ಲ, ಶುಲ್ಕವೂ ಅಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಸಾರಾಯಿ ಅಂಗಡಿಯಿತ್ತು. ಹಿಂದಿನ ಮನೆಯ ಹೆಂಗಸು ಕೂಲಿಯ ದುಡ್ಡನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಗಂಡ ಡಬ್ಬಿ ಹುಡುಕಿದ ರಾತ್ರಿ ಅವಳು ಮಕ್ಕಳನ್ನು ಕರೆದುಕೊಂಡು ನಮ್ಮ ಹಿತ್ತಿಲ ಬಾಗಿಲು ಬಡಿಯುತ್ತಿದ್ದಳು. ಅಮ್ಮ ಏನೂ ಕೇಳದೆ ಅವರಿಗೆ ತಟ್ಟೆ ಹಾಕುತ್ತಿದ್ದರು. ದೊಡ್ಡವಳಾದ ಮೇಲೆ ಮದ್ಯಕ್ಕೆ ಸಂಬಂಧಿಸಿದ ಯಾವುದಕ್ಕೂ ಕೈ ಹಾಕುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದ್ದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯನಿಷೇಧ ಕೇಳುತ್ತಾ ಕಾಲ್ನಡಿಗೆಯಲ್ಲಿ ಹೋದಾಗ, ನನ್ನ ಮಂಡಿ ಗಟ್ಟಿಯಾಗಿದ್ದಿದ್ದರೆ ನಾನೂ ಹೋಗುತ್ತಿದ್ದೆ ಅಂದುಕೊಂಡಿದ್ದೆ. ಅಂಥ ಕೈ ಈಗ ವೈನಿನ ಅರ್ಜಿ ಬರೆಯಬೇಕೆ? ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯಬಾರದು ಎಂದು ಗಾದೆಯೇ ಇರುವಾಗ, ನಾನು ಈಚಲ ಮರದ ಪರವಾಗಿ ವಕಾಲತ್ತು ಮಾಡಲೆ?

ಆದರೆ ಯೋಚಿಸುತ್ತಾ ಹೋದಂತೆ ಇನ್ನೊಂದು ವಿಷಯ ಎದ್ದು ಕೂತಿತು. ನಮ್ಮ ಬೀದಿಯ ಆ ಸಾರಾಯಿ ಅಂಗಡಿಗೆ ಲೈಸೆನ್ಸ್ ಇತ್ತು. ಸರ್ಕಾರವೇ ವರ್ಷವರ್ಷ ಹರಾಜು ಹಾಕಿ ಕೊಟ್ಟದ್ದು. ಸಾಸಿವೆ ಡಬ್ಬಿಯ ದುಡ್ಡು ಕಾನೂನುಬದ್ಧವಾಗಿಯೇ ಹೋಗುತ್ತಿತ್ತು. ಅಕ್ಕನ ಭರಣಿಗೆ ಲೈಸೆನ್ಸ್ ಇರಲಿಲ್ಲ. ಆದರೆ ಅದರಿಂದ ಒಂದು ಮನೆಯಾದರೂ ಒಡೆದದ್ದನ್ನು ನಾನು ಕಂಡಿಲ್ಲ. ಹಾಗಾದರೆ ಲೈಸೆನ್ಸ್ ಎಂಬ ಕಾಗದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವ ಜರಡಿಯಲ್ಲ.

ಸರ್ಕಾರಕ್ಕಾದರೂ ಈ ವಿಷಯದಲ್ಲಿ ಒಂದು ಮನಸ್ಸಿದೆಯೆ? ನಮ್ಮ ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಅನ್ನುತ್ತದೆ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ತೀರ್ಪು ಕೊಟ್ಟಿತು. ಇತ್ತ ಅದೇ ರಾಜ್ಯದ ಖಜಾನೆಗೆ 2023–24ರಲ್ಲಿ ಅಬಕಾರಿಯಿಂದ ಬಂದದ್ದು 30,000 ಕೋಟಿ ರೂಪಾಯಿಗೂ ಹೆಚ್ಚು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ವೈನ್ ನೀತಿಯೂ ಬಂತು. ಪಕ್ಕದ ಕೇರಳ 2022ರಲ್ಲಿ ಹಣ್ಣುಗಳಿಂದ ವೈನ್ ಮಾಡುವ ಸಣ್ಣ ಘಟಕಗಳಿಗೆಂದೇ ನಿಯಮ ಮಾಡಿತು. ಒಂದು ಕೈಯಲ್ಲಿ ಬೇಡ ಅನ್ನುವುದು, ಇನ್ನೊಂದು ಕೈಯಲ್ಲಿ ರಸೀದಿ ಹರಿಯುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಆನೆಯಷ್ಟು ಮಾನ ಮಾರಿದವರು ಅಡಿಕೆಯಷ್ಟು ಮಾರುವವಳಿಗೆ ಲೆಕ್ಕ ಕೇಳುತ್ತಿದ್ದಾರೆ ಅನ್ನಿಸಿತು.

ಹಾಗೆಂದು ಕಾನೂನನ್ನು ಬಯ್ದು ಮಲಗಿಬಿಡುವುದೂ ಸುಲಭವಾಗಲಿಲ್ಲ. ಆ ಪ್ರವಾಸಿ ಹೆಂಗಸಿನ ಪ್ರಶ್ನೆ ನ್ಯಾಯವಾದದ್ದೇ ಅಲ್ಲವೆ? ಅವರ ಜೊತೆ ಬಸುರಿ ಮಗಳಿದ್ದಿರಬಹುದು. ಮಾತ್ರೆ ನುಂಗುವ ಗಂಡನಿದ್ದಿರಬಹುದು. ಬಾಟಲಿಯಲ್ಲಿ ಏನಿದೆ, ಎಷ್ಟಿದೆ, ಕೆಟ್ಟರೆ ಯಾರನ್ನು ಕೇಳಬೇಕು ಎಂದು ತಿಳಿಯುವ ಹಕ್ಕು ಅವರಿಗಿದೆ. ಲೈಸೆನ್ಸಿಲ್ಲದ ಬಾಟಲಿಗೆ ಅಪ್ಪ ಅಮ್ಮ ಇಲ್ಲ. ಕಚೇರಿಯವರು ಕೇಳಿದ ಪಟ್ಟಿ ಉದ್ದವಾಗಿರಬಹುದು, ಭರಣಿಗೂ ಕಾರ್ಖಾನೆಗೂ ಒಂದೇ ಅಳತೆ ಹಿಡಿದಿರಬಹುದು. ಆದರೂ ಅದೆಲ್ಲದರ ತಳದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇದಕ್ಕೆ ಜವಾಬು ಹೇಳುವವರು ಯಾರು? ಅಕ್ಕ ಕೇಳುತ್ತಿದ್ದದ್ದೂ ಅದನ್ನೇ, ಜವಾಬು ಹೇಳುವವಳು ನಾನು ಎಂದು ಬರೆದುಕೊಳ್ಳಿ ಎಂದು.

ಅಪ್ಪಣೆ ಬೇರೆ, ಒಪ್ಪಿಗೆ ಬೇರೆ ಎಂದು ನನಗೆ ಸ್ಪಷ್ಟವಾದದ್ದು ಆಗ. ಅಪ್ಪಣೆ ಕಚೇರಿಯಿಂದ ಬರುತ್ತದೆ, ಒಪ್ಪಿಗೆಯನ್ನು ನಮ್ಮ ಮನಸ್ಸೇ ಕೊಡಬೇಕು. ಸಾರಾಯಿ ಅಂಗಡಿಯವನಿಗೆ ಅಪ್ಪಣೆ ಸಿಕ್ಕಿದ್ದೇ ಒಪ್ಪಿಗೆ ಕೇಳುವ ಕೆಲಸ ತಪ್ಪಿತು. ಸರ್ಕಾರವೇ ಬಿಟ್ಟಿದೆ, ನನ್ನದೇನು ಅಂದ. ಅಕ್ಕ ಅಪ್ಪಣೆಯಿಲ್ಲದೆಯೂ ತನ್ನೊಳಗೆ ಕೇಳಿಕೊಂಡೇ ಬಂದವರು. ಹುಡುಗರಿಗೆ ಕೊಡಲಿಲ್ಲ, ಕುಡಿದು ಬಂದವನಿಗೆ ಕೊಡಲಿಲ್ಲ. ಆದರೆ ಅಂಗಡಿಗೆ ಹೋದ ಬಾಟಲಿಯ ಮೇಲೆ ಆ ಎಚ್ಚರ ನಡೆಯುವುದಿಲ್ಲ. ಅದಕ್ಕೆ ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ.

ಬೆಳಿಗ್ಗೆ ಅರ್ಜಿ ಬರೆದೆ. ಬರೆಯುವ ಮೊದಲು ಅಕ್ಕನಿಗೆ ಒಂದು ಮಾತು ಹೇಳಿದೆ. ಲೈಸೆನ್ಸ್ ಬಂದರೆ ಬಾಟಲಿಯ ಮೇಲೆ ನಿಮ್ಮ ಅತ್ತೆಯ ಹೆಸರಿನ ಕೆಳಗೆ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎಂದೂ ಅಚ್ಚು ಹಾಕಿಸಬೇಕಾಗುತ್ತದೆ, ಅದು ಆಹಾರ ಸುರಕ್ಷತೆಯ ನಿಯಮ. ಉಪ್ಪಿನಕಾಯಿಯ ಬಾಟಲಿಗೆ ಯಾರೂ ಹೀಗೆ ಬರೆಯುವುದಿಲ್ಲ ಎಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಕಿಸುವ. ನಿಜವೇ ತಾನೆ?" ಅಂದರು. ಅರ್ಜಿ ಕೊಟ್ಟ ದಿನದಿಂದ ಅಂಗಡಿಗೆ ಬಾಟಲಿ ಕೊಡುವುದನ್ನು ನಿಲ್ಲಿಸಿದರು. "ಎಲ್ಲರೂ ಕೊಡ್ತಾರೆ, ನಿಮಗೊಬ್ಬರಿಗೆ ಏನು?" ಎಂದು ಅಂಗಡಿಯವನು ನಕ್ಕನಂತೆ. ಮಗಳ ಒಂದು ಕಂತಿನ ಫೀಸಿಗೆ ಅಕ್ಕ ಬಳೆ ಅಡವಿಟ್ಟರು. ನಿಯಮ ಮುರಿದಿದ್ದಾಗ ಬರುತ್ತಿದ್ದ ದುಡ್ಡು ನಿಯಮಕ್ಕೆ ತಲೆಬಾಗಿದ ಮೇಲೆ ನಿಂತಿತು. ಇದಕ್ಕೆ ಯಾರ ಹತ್ತಿರ ಅರ್ಜಿ ಕೊಡುವುದೋ ನನಗೆ ತಿಳಿಯದು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ನೆಮ್ಮದಿಯಿರುತ್ತಿತ್ತು. ಮರುವಾರ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಪಾತ್ರೆ ತೊಳೆಯುತ್ತಾ, "ಅಕ್ಕೋರಿಗೆ ನೀವೇ ಬರೆದುಕೊಟ್ಟಿರಂತೆ?" ಎಂದು ಕೇಳಿದಳು. ಅವಳ ಗಂಡ ಕುಡಿಯುತ್ತಾನೆ, ಲೈಸೆನ್ಸಿರುವ ಅಂಗಡಿಯಿಂದಲೇ. ನಾನು ಹೌದು ಅಂದೆ. "ಅಕ್ಕೋರ ಬಾಟಲಿ ನನ್ನ ಗಂಡನ ಕೈಗೆ ಎಟುಕುವುದಲ್ಲ ಬಿಡಿ. ಆದರೆ ಅವನಿಗೆ ಗೊತ್ತಾದರೆ, ನೋಡು, ಟೀಚರಮ್ಮನೇ ಬರೆದುಕೊಟ್ಟಿದ್ದಾರೆ ಅಂತಾನೆ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪಾತ್ರೆ ಬೋರಲು ಹಾಕಿ ಹೋದಳು.

ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ರಾತ್ರಿಯೆಲ್ಲ ಯೋಚಿಸಿ ಕಟ್ಟಿದ ನನ್ನ ವಾದ ಅವಳ ಮನೆಯ ಹೊಸಿಲು ದಾಟುವುದಿಲ್ಲ. ಒಂದನ್ನು ಮಾತ್ರ ಮಾಡಿದ್ದೆ. ಹಿಂದಿನ ಕಾಲದ ಪತ್ರಗಳಲ್ಲಿ ಕೊನೆಗೆ ಬರೆದವರ ಹೆಸರೂ ಇರುತ್ತಿತ್ತು. ಅಕ್ಕನ ಸಹಿಯ ಕೆಳಗೆ ಅರ್ಜಿ ಬರೆದವಳು ಎಂದು ನನ್ನ ಹೆಸರನ್ನೂ ನಾನೇ ಬರೆದಿದ್ದೆ. ಯಾರೂ ಕೇಳಿರಲಿಲ್ಲ. ಜವಾಬು ಹೇಳುವವರು ಬೇಕು ಎಂದು ಅಷ್ಟು ದೂರ ವಾದಿಸಿದವಳು ತಾನು 'ಯಾರೋ' ಆಗಿ ಉಳಿಯುವುದು ಸರಿಯಲ್ಲ ಅನ್ನಿಸಿತ್ತು.

ಅರ್ಜಿ ಇನ್ನೂ ಕಚೇರಿಯಲ್ಲಿದೆ. ಈ ಸಲ ಚಳಿಗಾಲದಲ್ಲಿ ಗೋಡೆಯಾಚೆಯಿಂದ ದ್ರಾಕ್ಷಿಯ ಹುಳಿವಾಸನೆ ಬರಲಿಲ್ಲ. ತೊಳೆದ ಭರಣಿ ಅಕ್ಕನ ಹಿತ್ತಿಲಲ್ಲಿ ಬೋರಲಾಗಿ ಬಿಸಿಲು ಕಾಯುತ್ತಿದೆ. ಬಟ್ಟೆ ಒಣಹಾಕಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಲೈಸೆನ್ಸ್ ಬರಲಿ ಅನ್ನುತ್ತದೆ ಮನಸ್ಸು. ಆಮೇಲೆ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತದೆ.