ಬಟ್ಟೆ ಎಷ್ಟು ಗಂಟೆಗೆ ಆಗ್ತದೆ?

ಮಳೆಗಾಲದ ಆಟಿ ತಿಂಗಳಲ್ಲಿ ಕಾಪುವಿನಲ್ಲಿ ಬಿಸಿಲು ಬಂದರೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆಯ ಜಿಲ್ಲೆ ಇದು. ಆ ಚೂರು ಬಿಸಿಲಿಗೆ ಬಟ್ಟೆ ಹಗ್ಗಕ್ಕೆ ಬೀಳಬೇಕು. ಹಿಂಡಿ ಮುಗಿದ ಮೇಲೂ ವಾಷಿಂಗ್ ಮೆಷಿನಿನೊಳಗೇ ಮೂರು ನಾಲ್ಕು ಗಂಟೆ ಬಿದ್ದಿದ್ದರೆ ಮುಗ್ಗಲು ವಾಸನೆ; ಮತ್ತೆ ಒಗೆಯುವುದೇ ಗತಿ. ಹಾಗಾಗಿ ಮೆಷಿನ್ ಮುಗಿಯುವ ಸುದ್ದಿ ಫೋನಿಗೆ ಬರುವುದನ್ನು ಇಲ್ಲಿ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಬರುವ ಸುದ್ದಿ ಹೇಗಿರುತ್ತದೆ? ‘48 ನಿಮಿಷ ಬಾಕಿ.’ ಮೀನು ಸಾರಿಗೆ ಮಸಾಲೆ ಕಡೆಯುತ್ತಿದ್ದವರು ಕೈ ತೊಳೆದು ಅದನ್ನು ನೋಡುವಾಗ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ಆ 48 ಸುಳ್ಳು. ‘11.20ಕ್ಕೆ ಮುಗಿಯುತ್ತದೆ’ ಎಂದಿದ್ದರೆ ಯಾವಾಗ ನೋಡಿದರೂ ಅರ್ಥ ಕೆಡುತ್ತಿರಲಿಲ್ಲ. ಈಗಿನ ಗಂಟೆಗೆ ಬಾಕಿ ನಿಮಿಷ ಕೂಡಿಸುವ ಲೆಕ್ಕ ಅಷ್ಟೆ. ಅದನ್ನೂ ಮನೆಯವರ ತಲೆಗೆ ಬಿಡುವ ಯಂತ್ರಕ್ಕೆ ‘ಸ್ಮಾರ್ಟ್’ ಎಂಬ ಹೆಸರು ಸ್ವಲ್ಪ ಹೆಚ್ಚಾಯಿತು.

ಕೂಡಿಸುವುದು ಸುಲಭ, ಆದರೆ ಬಾಕಿ ನಿಮಿಷವೇ ಒಂದು ಅಂದಾಜು. 15 ಲೀಟರ್ ನೀರನ್ನು 40 ಡಿಗ್ರಿಗೆ ಏರಿಸಲು 2 ಕಿಲೋವಾಟ್ ಹೀಟರಿಗೆ, ನೀರು 12 ಡಿಗ್ರಿಯಲ್ಲಿದ್ದರೆ ಸುಮಾರು 15 ನಿಮಿಷ ಬೇಕು. ನಮ್ಮ ಟಾಂಕಿಯ ನೀರು 27 ಡಿಗ್ರಿಯಲ್ಲಿದ್ದರೆ ಏಳೇ ನಿಮಿಷ ಸಾಕು. ಚಳಿ ದೇಶದ ನೀರಿಗೆ ಹಾಕಿದ ಲೆಕ್ಕ ಇಲ್ಲಿ ತಪ್ಪುತ್ತದೆ. ಹೀಗೆ ಉಳಿದದ್ದನ್ನು ನೀರು ತುಂಬುವಲ್ಲಿ ಕಳೆದುಕೊಳ್ಳುತ್ತೇವೆ. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚು ಕಡಿಮೆ ಒಂದು ಬಾರ್ ಒತ್ತಡ. ತಾರಸಿಯ ಟಾಂಕಿ ನಳ್ಳಿಗಿಂತ ಮೂರೇ ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್, ನೀರು ನೂಲಿನಂತೆ ಇಳಿಯುತ್ತದೆ. ಕೊನೆಗೆ ಒದ್ದೆ ಬೆಡ್‌ಶೀಟ್ ಒಂದೇ ಕಡೆ ಮುದ್ದೆಯಾದರೆ ಮೆಷಿನ್ ನಿಂತು, ಸರಿಪಡಿಸಿಕೊಂಡು, ಮತ್ತೆ ತಿರುಗುತ್ತದೆ. ‘9 ನಿಮಿಷ’ ಕಾಲು ಗಂಟೆಯಾದರೂ ಒಂಬತ್ತೇ ಆಗಿರುವುದು ಅದಕ್ಕೇ. ಇದನ್ನೆಲ್ಲ ನಿಮಿಷ ನಿಮಿಷಕ್ಕೂ ಗಂಟೆಗೆ ಕೂಡಿಸುತ್ತ ಹೋದರೆ 11.20, 11.22, 11.19 ಎಂದು ಫೋನು ಕುಣಿಯುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದಾಗ ಮಾತ್ರ ಹೊಸ ಗಂಟೆ ಹೇಳಿದರೆ ಸಾಕು.

ವೈಫೈ ಇಲ್ಲದ ಹಳೆಯ ಮೆಷಿನ್ ಇದ್ದವರು ವ್ಯಾಟ್ ಅಳೆಯುವ ಸ್ಮಾರ್ಟ್ ಪ್ಲಗ್ ಹಾಕುತ್ತಾರೆ. ಮೋಟಾರು ತಿರುಗುವಾಗ ನೂರಾರು ವ್ಯಾಟ್, ಮುಗಿದಾಗ ಒಂದೆರಡು. ಆದರೆ ಬಟ್ಟೆ ನೆನೆಯುವಾಗಲೂ ಅದು ಒಂದೆರಡೇ! ಅದಕ್ಕೆ, ವ್ಯಾಟ್ ಇಳಿದು ಕೆಲವು ನಿಮಿಷ ಹಾಗೇ ಉಳಿದರೆ ಮಾತ್ರ ಮುಗಿಯಿತು ಎಂದು ತಿಳಿಯುವಂತೆ ಹೇಳಿಡಬೇಕು. ನೆನೆಸುವ ಹೊತ್ತು ಹೆಚ್ಚಿದ್ದರೆ ಈ ಕಾಯುವಿಕೆಯೂ ಅದಕ್ಕಿಂತ ಹೆಚ್ಚಿರಬೇಕು.

ಇನ್ನು ಕರೆಂಟು. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ವಿದ್ಯುತ್ ಸ್ಥಾವರವೇ ಇದೆ. ಗಾಳಿಗೆ ತಂತಿಯ ಮೇಲೆ ಬೀಳುವ ತೆಂಗಿನ ಮಡಲಿಗೆ ಅದರ ಹಂಗಿಲ್ಲ. ಕರೆಂಟು ಹೋದಾಗ ಪ್ಲಗ್ಗಿನಿಂದ ಸುದ್ದಿಯೇ ನಿಲ್ಲುತ್ತದೆ. ಲೆಕ್ಕ ಹಾಕುವ ಆ್ಯಪ್ ಆ ಮೌನವನ್ನು ‘ಮುಗಿಯಿತು’ ಎಂದು ಓದಿದರೆ, ಸೋಪಿನ ನೀರಲ್ಲಿ ಮುಳುಗಿದ ಬಟ್ಟೆಗೆ ಬಕೆಟ್ ಹಿಡಿದು ಹೋಗಬೇಕಾಗುತ್ತದೆ. ‘ಕರೆಂಟಿಲ್ಲ, ಗಂಟೆ ಹೇಳಲಾರೆ’ ಎನ್ನುವುದೇ ಅಲ್ಲಿ ಸರಿಯಾದ ಉತ್ತರ. ನಿಜ ಹೇಳಬೇಕೆಂದರೆ ಇಡೀ ಏರ್ಪಾಡಿನಲ್ಲಿ ನನಗೆ ಮುಖ್ಯ ಎನಿಸುವ ಸಂದೇಶ ಇದೊಂದೇ; ಹೆಚ್ಚಿನವರು ಬರೆದಿಡಲು ಮರೆಯುವುದೂ ಇದನ್ನೇ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಸುದ್ದಿ ಹೋಗುವುದು ಯಾರಿಗೆ? ಆ್ಯಪ್ ಹಾಕಿಕೊಟ್ಟವನಿಗೆ. ನಮ್ಮ ಕಡೆ ಅವನು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಇಲ್ಲಿಯ 11.20 ಅವನ ಫೋನಿನಲ್ಲಿ 9.50. ಅದನ್ನೇ ಅವನು ಮನೆಗೆ ಫೋನು ಮಾಡಿ, ‘ಅಮ್ಮಾ, ಬಟ್ಟೆ 9.50ಕ್ಕೆ ಆಗ್ತದಂತೆ’ ಎಂದರೆ ಅಮ್ಮ ಗೋಡೆಯ ಗಡಿಯಾರ ನೋಡಿ ಏನೆಂದುಕೊಳ್ಳಬೇಕು? ಬಟ್ಟೆ ಒಣಗಿಸುವವರು ಅವರು. ಮೋಡದ ಮರ್ಜಿ ಗೊತ್ತಿರುವವರೂ ಅವರೇ.

ಊರಿಗೆ ಬಂದಾಗ ಇಂಥದನ್ನು ಜೋಡಿಸಿಕೊಡುವ ಮಕ್ಕಳು ಅಮ್ಮನ ಫೋನನ್ನು ಮೊದಲು ಸೇರಿಸಿ. ಸಂದೇಶವನ್ನು ಕನ್ನಡದಲ್ಲೇ, ಊರಿನ ಗಂಟೆಯಲ್ಲೇ ಬರೆದಿಡಿ. ನಿಮ್ಮ ಫೋನಿಗೆ ಅದು ಬಾರದಿದ್ದರೂ ನಡೆಯುತ್ತದೆ.