ಬಂದವರು ಯಾರು? ಇದ್ದವರು ಯಾರು?

"ಯಾವೂರು? ಎಲ್ಲಿಂದ ಬಂದೋರು?"

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಮೊದಲ ಮಾತು ಇದು. ಇದರಲ್ಲಿ ಅಕ್ಕರೆ ಇರುತ್ತದೆ, ಕುತೂಹಲ ಇರುತ್ತದೆ, ಜಾತಿ ತಿಳಿಯುವ ಉಪಾಯವೂ ಇರುತ್ತದೆ. ಊರು ಹೇಳಿದರೆ ಕೇರಿ ಗೊತ್ತಾಗುತ್ತದೆ. ಕೇರಿ ಗೊತ್ತಾದರೆ ನೀರಿನ ಚೊಂಬು ಕೈಗೆ ಕೊಡಬೇಕೋ, ಮೇಲಿಂದ ಬೊಗಸೆಗೆ ಸುರಿಯಬೇಕೋ ಗೊತ್ತಾಗುತ್ತದೆ. ಆದರೆ ಈ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಕೇಳುವುದಿಲ್ಲ. ಕೆಲವರನ್ನು ಕೇಳುವುದೇ ಇಲ್ಲ. ಕೆಲವರು ಉತ್ತರ ಕೊಟ್ಟ ಮೇಲೂ ಬಿಡುವುದಿಲ್ಲ.

ಒಂದು ನೆಲದ ಮೇಲೆ ಮನುಷ್ಯನಿಗೆ ಹಕ್ಕು ಎಲ್ಲಿಂದ ಹುಟ್ಟುತ್ತದೆ? ಎಷ್ಟು ತಲೆಮಾರು ಬದುಕಿದರೆ ಅವನು ಅಲ್ಲಿಯವನು? ಹೊರಗಿನಿಂದ ಬಂದವನು ಒಳಗೆ ಸೇರಲು ಏನು ತೆರಬೇಕು? ಅವನು ತೆರುವುದನ್ನು ನಿಜವಾಗಿ ತೆರುವವರು ಯಾರು? ಶಿಕಾರಿಪುರ, ಸೊರಬ ಸೀಮೆಯ ಲಂಬಾಣಿ ತಾಂಡಗಳನ್ನು ಎದುರಿಗಿಟ್ಟುಕೊಂಡು ಇದನ್ನು ಯೋಚಿಸೋಣ ಗೆಳೆಯರೇ. ಪುಸ್ತಕದ ಪ್ರಶ್ನೆಯಾಗಿ ಬೇಡ. ನಮ್ಮ ನಮ್ಮ ಊರಿನ ಪ್ರಶ್ನೆಯಾಗಿಯೇ ಯೋಚಿಸೋಣ.

ಮೊದಲು ಒಂದು ಕಲ್ಲಿನ ಮಾತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಂಬ ಶಾಸನ ಇರುವುದು ನಮ್ಮ ಮಕ್ಕಳಿಗೂ ಗೊತ್ತು. ಅದೇ ಊರಿನಲ್ಲಿ ಎಷ್ಟೋ ಕಾಲ ಆದಮೇಲೆ ಬರೆಸಿದ ಇನ್ನೊಂದು ಶಾಸನ ಒಂದು ಕಥೆ ಹೇಳುತ್ತದೆ. ಮುಕ್ಕಣ್ಣ ಕದಂಬನೆಂಬ ಅರಸ ಉತ್ತರದ ಅಹಿಚ್ಛತ್ರದಿಂದ 32 ಬ್ರಾಹ್ಮಣ ಕುಲಗಳನ್ನು ಕರೆತಂದು ಇಲ್ಲಿ ಅಗ್ರಹಾರ ಕಟ್ಟಿಸಿ ನೆಲೆ ನಿಲ್ಲಿಸಿದ ಎಂಬುದು ಆ ಕಥೆ. ಅದು ಚರಿತ್ರೆಯೋ ಕಟ್ಟುಕಥೆಯೋ ವಿದ್ವಾಂಸರು ಜಗಳ ಮಾಡಿಕೊಳ್ಳಲಿ. ನನಗೆ ಬೇಕಾದದ್ದು ಇಷ್ಟೇ: ತಾವು ಹೊರಗಿನಿಂದ ಬಂದವರೆಂಬುದನ್ನು ಅವರು ನಾಚಿಕೆಯೆಂದು ಬಚ್ಚಿಡಲಿಲ್ಲ. ಹಿರಿಮೆಯೆಂದು ಕಲ್ಲಿನಲ್ಲಿ ಕೊರೆಸಿದರು. ಅವರ ವಂಶದವರನ್ನು ಇವತ್ತು ಬಸ್ಸಿನಲ್ಲಿ ಯಾರೂ "ನೀವು ಅಹಿಚ್ಛತ್ರದೋರಾ?" ಎಂದು ಕೇಳುವುದಿಲ್ಲ.

ಲಂಬಾಣಿಗಳೂ ಉತ್ತರದಿಂದಲೇ ಬಂದವರು. ಅವರ ಗೋರ್ ಬೋಲಿ ರಾಜಸ್ಥಾನದ ಕಡೆಯ ಮಾತುಗಳ ನೆಂಟ. ಹೇರೆತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಗೂ ಬಯಲಿಗೂ ನಡೆದು ಮಾರುತ್ತಿದ್ದವರು. ಮೊಗಲರ ದಂಡಿಗೆ ದವಸ ಹೊತ್ತರು. 1792ರಲ್ಲಿ, 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ದಂಡಿಗೂ ಹೊತ್ತರು. ಸೈನ್ಯದ ಹೊಟ್ಟೆ ತುಂಬುವವರೆಗೆ ಇವರು ಬೇಕಾದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ಎತ್ತಿನ ಬೆನ್ನು ಬರಿದಾಯಿತು. ಕೆಲಸ ಕಿತ್ತುಕೊಂಡ ಅದೇ ಆಳರಸರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರ ಕಾಯ್ದೆ ಅದನ್ನು ದಕ್ಷಿಣಕ್ಕೂ ಹಬ್ಬಿಸಿತು. ಹಲವು ಕಡೆ ಲಂಬಾಣಿಗಳನ್ನೂ ಆ ಪಟ್ಟಿಗೆ ಸೇರಿಸಿದರು. ಹುಟ್ಟಿದ ಕೂಸೂ ಅಪರಾಧಿ! 1952ರಲ್ಲಿ ಆ ಕಾಯ್ದೆ ಹೋಯಿತು. ಜನರ ಕಣ್ಣಿನಲ್ಲಿ ಕೂತದ್ದು ಅಷ್ಟು ಬೇಗ ಹೋಗಲಿಲ್ಲ.

ಒಂದೇ ದಿಕ್ಕಿನಿಂದ ಬಂದ ಎರಡು ಜನ. ಒಬ್ಬರ ಬರವು ಶಾಸನದ ಕಲ್ಲಿನಲ್ಲಿ. ಇನ್ನೊಬ್ಬರ ಬರವು ಪೊಲೀಸ್ ಠಾಣೆಯ ದಫ್ತರದಲ್ಲಿ. ಯಾರು ಎಷ್ಟು ಹಿಂದೆ ಬಂದರು ಎಂಬುದು ಬರಿಯ ನೆಪ. ಕರೆದವರು ಯಾರು, ಕೈಗೆ ಭೂಮಿ ಇಟ್ಟವರು ಯಾರು ಎಂಬುದು ಒಳಗಿನ ಮಾತು.

ಈಗಲೂ ನಮ್ಮ ಸೀಮೆಯಲ್ಲಿ ತಾಂಡಗಳಿರುವ ಜಾಗ ನೋಡಿ. ಊರು ಮುಗಿದ ಮೇಲೆ, ಕಾಡು ಶುರುವಾಗುವ ಮೊದಲು. ಬಗರ್ ಹುಕುಂ ಎಂಬ ಮಾತು ಹುಟ್ಟಿದ್ದೇ ಇಂಥ ಅಂಚಿನಲ್ಲಿ. ಹುಕುಂ ಇಲ್ಲದೆ ಉತ್ತವರು ಎಂದು ಅರ್ಥ. ಮೆಕ್ಕೆಜೋಳ ಬಿತ್ತುತ್ತಾರೆ, ಶುಂಠಿ ಗದ್ದೆಗೆ ಕೂಲಿಗೆ ಹೋಗುತ್ತಾರೆ. ಅದೂ ಸಾಲದೆ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೊರಡುತ್ತಾರೆ. ಇನ್ನು ಕಾನೂನು ಏನನ್ನುತ್ತದೆ? 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಪುರಾವೆ ತರಬೇಕು. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ, ಪಂಗಡವಲ್ಲ. ತಲೆಮಾರುಗಟ್ಟಲೆ ನಡೆಯುತ್ತಲೇ ಇದ್ದವರನ್ನು ನಿಂತದ್ದಕ್ಕೆ ಪುರಾವೆ ಕೇಳಿದರೆ ಎಲ್ಲಿಂದ ತಂದಾರು? 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಒಳ್ಳೆಯದೇ ಆಯಿತು. ಆದರೆ ಯೋಚಿಸಿ: ಸ್ವಾತಂತ್ರ್ಯ ಬಂದು 75 ವರ್ಷ ಕಳೆದ ಮೇಲೂ ತಾನು ಮಲಗಿದ ಮನೆ ತನ್ನದೆಂಬ ಕಾಗದಕ್ಕೆ ಜನ ಕಾದಿದ್ದರು.

ಇಲ್ಲಿಯವರೆಗೆ ಮಾತು ಸಲೀಸು. ಬಂದವರ ಪರ ನಿಲ್ಲುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಕೇರಿಯಿಂದ ನೋಡಿದಾಗ. ನಾನು ಕೇರಿಯವನು. ನನ್ನಪ್ಪ ಹೇಳುತ್ತಿದ್ದ ಮಾತು ಇದು:

"ನೋಡು ಮಗ, ತಾಂಡದೋರು ಬಂದು ಎಷ್ಟು ತಲೆ ಆತು? ಅವರು ಹೋಟ್ಲೊಳಗೆ ಬೆಂಚಿನ ಮೇಲೆ ಕುಂತು ಚಾ ಕುಡೀತಿದ್ರು. ನಾವು ಊರಿಗೆ ಕರಗಲ್ಲು ನೆಟ್ಟ ದಿನದಿಂದ ಇದೀವಿ. ನಾವು ಹೊರಗೆ ನಿಂತು ಚಿಪ್ಪಿನಾಗೆ ಕುಡೀತಿದ್ವಿ."

ಈ ಒಂದು ಮಾತಿನಲ್ಲಿ 'ಮೂಲ ನಿವಾಸಿ' ಎಂಬ ಪದದ ಬೆಲೆ ಏನೆಂದು ತಿಳಿಯುತ್ತದೆ. ಹಳಬನಾಗಿರುವುದೇ ಹಕ್ಕಾಗಿದ್ದರೆ ಕೇರಿಯವನೇ ಊರಿನ ಯಜಮಾನನಾಗಬೇಕಿತ್ತು. ಗಡಿ ಜಗಳವಾದರೆ ಗಡಿಕಲ್ಲು ತೋರಿಸಲು ಕರೆಯುತ್ತಿದ್ದುದು ತಳವಾರನನ್ನು, ಹೊಲೆಯನನ್ನು. ಭೂಮಿ ಯಾರದ್ದೆಂದು ಅವನಿಗೆ ಗೊತ್ತಿತ್ತು, ಅವನದ್ದಾಗಿರಲಿಲ್ಲ, ಅಷ್ಟೆ. ತಾಂಡದವನಿಗೆ "ನೀನು ನಿನ್ನೆ ಬಂದವನು, ಅಲ್ಲೇ ಇರು" ಎಂದರು. ಕೇರಿಯವನಿಗೆ "ನೀನು ಹಿಂದಿನಿಂದಲೂ ಅಲ್ಲೇ ಇದ್ದವನು, ಅಲ್ಲೇ ಇರು" ಎಂದರು. ಕೋಲು ಬೇರೆ ಬೇರೆ. ಅಳೆದವರು ಒಬ್ಬರೇ.

ತಾಂಡದ ಗೆಳೆಯನೊಬ್ಬನ ಅಜ್ಜಿಗೆ ಅಪ್ಪನ ಈ ಮಾತು ಹೇಳಿದೆ. ಆಕೆ ನಕ್ಕು ಹೇಳಿದಳು: "ಊರಾಗೆ ಕಳ್ಳತನ ಆದ್ರೆ ಮೊದ್ಲು ತಾಂಡಕ್ಕೇ ಬರೋರು ತಮ್ಮಾ. ಕತ್ತಲಾದ ಮ್ಯಾಲೆ ಗಂಡಸ್ರು ಅಡವಿಗೆ ಹೋಗಿ ಮಲಗೋರು. ನಿಮ್ಮನ್ನ ಮುಟ್ಟಲ್ಲ ಅಂದ್ರು. ನಮ್ಮನ್ನ ನಂಬಲ್ಲ ಅಂದ್ರು. ಯಾವ್ದು ದೊಡ್ಡದು ನೀನೇ ಹೇಳು."

ಯಾವುದು ದೊಡ್ಡದು? ನೋವನ್ನು ಸೇರಿನಲ್ಲಿ ಅಳೆಯಬಾರದು ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಎರಡರ ನಡುವೆ ಒಂದು ವ್ಯತ್ಯಾಸ ಇದ್ದೇ ಇದೆ. ನಂಬುವುದಿಲ್ಲ ಎಂಬ ಗೋಡೆಗೆ ಒಂದು ಕಿರುಬಾಗಿಲಿತ್ತು. ಫೇಟಿಯಾ ಕಾಂಚಳಿ ಬಿಟ್ಟು ಸೀರೆ ಉಟ್ಟರೆ, ಗೋರ್ ಬೋಲಿಯನ್ನು ನುಂಗಿಕೊಂಡು ಕನ್ನಡ ಆಡಿದರೆ ಆ ಬಾಗಿಲು ಒಂದಿಷ್ಟು ತೆರೆಯುತ್ತಿತ್ತು. ಮುಟ್ಟುವುದಿಲ್ಲ ಎಂಬ ಗೋಡೆಗೆ ಬಾಗಿಲನ್ನೇ ಇಟ್ಟಿರಲಿಲ್ಲ. ನಾವು ಯಾವ ಬಟ್ಟೆ ಉಟ್ಟರೇನು, ಯಾವ ಭಾಷೆ ಆಡಿದರೇನು?

ಬಾಗಿಲಿರುವ ಗೋಡೆಯ ಮುಂದೆ ನಿಂತವನಿಗೆ ಒಂದು ಪರೀಕ್ಷೆ ಎದುರಾಗುತ್ತದೆ. ಒಳಗಿನವರು ಕೇಳುತ್ತಾರೆ: "ನೀನು ಆ ಹೊರಗಿನವರ ಹಾಗೆ ಅಲ್ಲ ತಾನೆ?" ಇದಕ್ಕೆ ಏನು ಉತ್ತರ ಕೊಡಬೇಕು? ಇದು ನಮ್ಮ ಸೀಮೆಯದೊಂದೇ ಪ್ರಶ್ನೆ ಅಲ್ಲ. ಸಮುದ್ರದಾಚೆ ಇನ್ನೊಂದು ಜನ ಇದೇ ಬಾಗಿಲಿನ ಮುಂದೆ ನಿಂತಿದ್ದರು. ಅವರು ಕೊಟ್ಟ ಉತ್ತರ ಕೇಳಿ.

ಖಲೀಲ್ ಗಿಬ್ರಾನ್ ಹೆಸರು ನಮ್ಮ ಕಾಲೇಜು ಹುಡುಗರಿಗೆ ಗೊತ್ತು. ಲೆಬನಾನಿನ ಬೆಟ್ಟದ ಹಳ್ಳಿಯವನು. 1895ರಲ್ಲಿ ಅವನ ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಬೋಸ್ಟನ್ನಿಗೆ ಹೋದಳು. ಸರಕಿನ ಗಂಟು ಹೊತ್ತು ಮನೆ ಮನೆಗೆ ಮಾರಿ ಸಂಸಾರ ಸಾಕಿದಳು. 1880ರ ದಶಕದಿಂದ ಹಾಗೆ ಹೋದ ಸಿರಿಯಾ, ಲೆಬನಾನಿನ ಜನ ಸೂಜಿ, ದಾರ, ಲೇಸು, ಜಪಮಾಲೆಗಳ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಊರೂರು ನಡೆದರು. ಹೇರೆತ್ತು ಇಲ್ಲದ ಲಂಬಾಣಿಗಳು ಎನ್ನಿ. ನ್ಯೂಯಾರ್ಕಿನ ವಾಷಿಂಗ್ಟನ್ ಬೀದಿಯಲ್ಲಿ ಅವರದೇ ಒಂದು ತಾಂಡ ಎದ್ದಿತು. ಅಂಗಡಿ, ಚರ್ಚು, ಕಾಫಿ ಮನೆ ಎದ್ದವು. 1892ರಲ್ಲೇ ಅರಬ್ಬಿ ಪತ್ರಿಕೆ ಹೊರಟಿತು. 1940ರ ದಶಕದಲ್ಲಿ ಸುರಂಗ ರಸ್ತೆಗಾಗಿ ಆ ಬೀದಿಯ ಬಹುಪಾಲನ್ನು ಕೆಡವಿದರು.

ಆ ದೇಶದ 1790ರ ಕಾನೂನು ಪೌರತ್ವ ಕೊಡುತ್ತಿದ್ದುದು ಸ್ವತಂತ್ರ ಬಿಳಿಯರಿಗೆ. ಗುಲಾಮಗಿರಿ ಅಳಿದ ಮೇಲೆ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಚೀನಿಯರಿಗೆ 1882ರಲ್ಲಿ ಬಾಗಿಲು ಹಾಕಿದರು. ಹಾಗಾದರೆ ಸಿರಿಯಾದವನು ಯಾರು? ಜಾರ್ಜ್ ಡೌ ಎಂಬ ಸಿರಿಯಾದವನ ಅರ್ಜಿಯನ್ನು ದಕ್ಷಿಣ ಕೆರೊಲಿನಾದ ನ್ಯಾಯಾಧೀಶ ತಳ್ಳಿಹಾಕಿದ. ಸಿರಿಯನ್ನರು ಹಣ ಕೂಡಿಸಿ ಮೇಲ್ಮನವಿ ಹಾಕಿದರು. 1915ರಲ್ಲಿ ಸಿರಿಯನ್ನರು ಬಿಳಿಯರೆಂದು ತೀರ್ಪಾಯಿತು. ಗೆದ್ದರು. ಬಿಳಿಯರಿಗೆ ಮಾತ್ರ ಏಕೆ ಬಾಗಿಲು ಎಂದು ಕೇಳಿ ಗೆದ್ದದ್ದಲ್ಲ ಅದು, ನಾವೂ ಬಿಳಿಯರು ಎಂದು ಸಾಧಿಸಿ ಗೆದ್ದದ್ದು.

ಅದೇ ದಾರಿ ಹಿಡಿದ ನಮ್ಮವನೊಬ್ಬನ ಕಥೆ ಇನ್ನೂ ಕಹಿ. ಪಂಜಾಬಿನ ಭಗತ್ ಸಿಂಗ್ ಥಿಂದ್ ಅಮೆರಿಕದ ಸೈನ್ಯದಲ್ಲಿದ್ದವನು. ಅವನ ಪರವಾದ ವಾದ ಏನು ಗೊತ್ತೆ? ಇವನು ಮೇಲ್ಜಾತಿಯ ಆರ್ಯ. ನೀಗ್ರೋ ಜೊತೆ ಮದುವೆ ಸಂಬಂಧ ಎಂದರೆ ಬಿಳಿಯ ಹೇಗೆ ಹೇಸುತ್ತಾನೋ, ಮೇಲ್ಜಾತಿಯವನು ಇಲ್ಲಿಯ ಆದಿವಾಸಿಗಳನ್ನು ಕಂಡರೆ ಹಾಗೇ ಹೇಸುತ್ತಾನೆ. ಜಾತಿಯನ್ನು ಮೂಟೆ ಕಟ್ಟಿ ಸಮುದ್ರ ದಾಟಿಸಿ ನ್ಯಾಯಾಲಯದ ಕಟಕಟೆಯಲ್ಲಿ ಬಿಚ್ಚಿದರು! 1923ರಲ್ಲಿ ಸುಪ್ರೀಂ ಕೋರ್ಟು ಅವನು ಬಿಳಿಯನಲ್ಲ ಎಂದಿತು. ಇನ್ನು ಗೆದ್ದ ಸಿರಿಯನ್ನರು? 1929ರಲ್ಲಿ ಫ್ಲಾರಿಡಾದ ಲೇಕ್ ಸಿಟಿಯಲ್ಲಿ ಸಿರಿಯಾ ಮೂಲದ ಒಬ್ಬ ದಿನಸಿ ಅಂಗಡಿಯವನನ್ನು ಜೈಲಿನಿಂದ ಎಳೆದೊಯ್ದು ಕೊಂದರು. ತೀರ್ಪು ಬಂದು 14 ವರ್ಷವಾಗಿತ್ತು. ಕರಿಯರನ್ನು ಕೊಂದು ಕೊಂದು ಪಳಗಿದ ಗುಂಪು ಕೋರ್ಟಿನ ಕಾಗದ ಓದಿ ಬರುತ್ತದೆಯೇ?

ಇನ್ನು ನಮ್ಮ ನೆಲಕ್ಕೆ ಬರೋಣ. ಹಳೇ ಮೈಸೂರಿನಲ್ಲಿ ಪರಿಶಿಷ್ಟ ಜಾತಿಯಾಗಿದ್ದ ಲಂಬಾಣಿಗಳು 1977ರಿಂದ ಇಡೀ ರಾಜ್ಯದಲ್ಲಿ ಆ ಪಟ್ಟಿಗೆ ಬಂದರು. ಒಂದೇ ಪಟ್ಟಿಯಲ್ಲಿ ಕೇರಿ, ತಾಂಡ ಎರಡೂ ಕೂತವು. 2023ರ ಮಾರ್ಚಿನಲ್ಲಿ ಆಗಿನ ಸರ್ಕಾರ ಒಳಮೀಸಲಾತಿ ಘೋಷಿಸಿದಾಗ ಶಿಕಾರಿಪುರದಲ್ಲಿ ಲಂಬಾಣಿಗಳ ಮೆರವಣಿಗೆ ಹೊರಟಿತು, ಮಾಜಿ ಮುಖ್ಯಮಂತ್ರಿಯ ಮನೆಗೆ ಕಲ್ಲು ಬಿತ್ತು, ಲಾಠಿ ಬೀಸಿದರು. ಆ ವಾರ ನಮ್ಮ ಊರುಗಳ ಚಾ ಅಂಗಡಿಗಳಲ್ಲಿ ಕೇಳಿದ ಮಾತು ಎರಡು. ಕೇರಿಯ ಹುಡುಗರು ಅಂದರು, "ಅವರು ಎಲ್ಲಿಂದಲೋ ಬಂದೋರು, ನಮ್ಮ ಪಾಲು ತಿಂದರು." ತಾಂಡದ ಹುಡುಗರು ಅಂದರು, "ನಾವೇನು ಅವರ ಹಾಗಾ? ಕಷ್ಟಪಟ್ಟು ಓದಿದೀವಿ."

ಎರಡೂ ಮಾತು ನಮ್ಮವಲ್ಲ ಗೆಳೆಯರೇ. ಮೊದಲನೆಯದನ್ನು ಊರ ಗೌಡನ ಬಾಯಿಂದ ಕಡ ತಂದೆವು, ಎರಡನೆಯದನ್ನು ಅಗ್ರಹಾರದ ಬಾಯಿಂದ. ಒಳಮೀಸಲಾತಿ ನ್ಯಾಯವೇ ಎಂದರೆ ನ್ಯಾಯ ಎನ್ನುತ್ತೇನೆ. ಮುಟ್ಟಬಾರದೆಂಬ ಗೋಡೆಯ ಹೊರಗೆ ನಿಂತವರಿಗೆ ಅವರದೇ ಪಾಲು ಸಿಗಬೇಕು. ಅದಕ್ಕೆ ಕಾರಣ ಅವರು ಅನುಭವಿಸಿದ ಅಸ್ಪೃಶ್ಯತೆ. ತಾಂಡದವರು ಹೊರಗಿನಿಂದ ಬಂದದ್ದು ಅದಕ್ಕೆ ಕಾರಣ ಆಗಲಾರದು. ಕಾರಣ ತಪ್ಪಿದರೆ ನ್ಯಾಯವೂ ಸೇಡಾಗುತ್ತದೆ.

2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇಕಡಾ 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಆ ಐದರಲ್ಲಿ ಲಂಬಾಣಿ, ಭೋವಿ, ಕೊರಚ, ಕೊರಮರ ಜೊತೆಗೆ 59 ಅಲೆಮಾರಿ ಜಾತಿಗಳನ್ನೂ ಸೇರಿಸಿದರು. ನಾಗಮೋಹನದಾಸ್ ಆಯೋಗ ಆ ಅಲೆಮಾರಿಗಳಿಗೆ ಬೇರೆಯಾಗಿ ಶೇಕಡಾ 1 ಇಡಿ ಎಂದಿತ್ತು. ಅದು ಹೋಯಿತು. ಅವರು ಬೀದಿಗೆ ಬಂದು ಅತ್ತರು. ಇವತ್ತೂ ಗುಡಾರದಲ್ಲಿ ಮಲಗುವವರು ಅವರಲ್ಲಿದ್ದಾರೆ; ಹಕ್ಕುಪತ್ರವಿಲ್ಲ, ಜಾತಿ ಪತ್ರ ತರಲು ಊರೂ ಇಲ್ಲ. ನಿನ್ನೆ ನಡೆಯುತ್ತಿದ್ದವರು ಇವತ್ತು ನಡೆಯುತ್ತಿರುವವರಿಗೆ ಏನನ್ನುತ್ತಾರೆ? ತಾಂಡದ ಹಿರಿಯರು ಉತ್ತರಿಸಬೇಕಾದ ಪ್ರಶ್ನೆ ಇದು. ಕೇರಿಯೂ ಉತ್ತರಿಸಬೇಕು. ಹೊಲೆಯ ಮಾದಿಗರ ನಡುವೆ ಹೆಣ್ಣು ಕೊಟ್ಟು ತರುವುದು ಎಷ್ಟು ಮನೆಯಲ್ಲಿ ನಡೆದಿದೆ? ತಾಂಡದ ಮಾತಿನಲ್ಲಿ ತಮ್ಮವರು ಗೋರ್, ಉಳಿದವರೆಲ್ಲ ಕೋರ್. ತಾಂಡಕ್ಕಾಗಿ ವಾದ್ಯ ಬಾರಿಸುವ ಢಾಲಿಯಾಗಳನ್ನು ತಾಂಡವೇ ದೂರ ಇಟ್ಟಿತ್ತು. ಹೊರಗೆ ನಿಂತವರೂ ತಮ್ಮ ಹಿಂದೆ ಇನ್ನೊಂದು ಹೊರಗನ್ನು ಕಟ್ಟಿಕೊಳ್ಳುತ್ತಾರೆ. ಜಾತಿವ್ಯವಸ್ಥೆ ಬದುಕಿರುವುದು ಈ ಜಾಣತನದಿಂದ.

ಹಾಗಾದರೆ ನೆಲದ ಹಕ್ಕು ಎಲ್ಲಿಂದ? ಬೆವರಿನಿಂದ ಎನ್ನುತ್ತೇನೆ. ಉತ್ತವನದು, ಕಡಿದವಳದು, ಹೊತ್ತವರದು. ಅದಕ್ಕೆ ನೂರು ವರ್ಷ ಬೇಕಿಲ್ಲ, ಒಂದು ಮಳೆಗಾಲ ಸಾಕು. ಆದರೆ ಹಕ್ಕಿನ ಜೊತೆ ಒಂದು ಋಣವೂ ಬರುತ್ತದೆ. ಬಾಗಿಲು ತೆರೆದಾಗ ಒಳಗಿನವರು "ನೀನು ಅವರ ಹಾಗೆ ಅಲ್ಲ ತಾನೆ?" ಎಂದು ಕೇಳುತ್ತಾರೆ. ಆಗ "ಅಲ್ಲ" ಎಂದು ಹೇಳದಿರುವುದೇ ಆ ಋಣ. "ಅವರ ಹಾಗೇ. ಅವರೂ ಬರುತ್ತಾರೆ" ಎನ್ನಬೇಕು. ಬಾಗಿಲು ಮುಚ್ಚಿದರೆ ಮುಚ್ಚಲಿ. ಆಗ ಹೊರಗೆ ಕೇರಿ, ತಾಂಡ, ಗುಡಾರ ಮೂರೂ ಇರುತ್ತವೆ. ಗೋಡೆ ಕೆಡವಲು ಅಷ್ಟು ಕೈ ಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಒಂದನೇ ಕ್ಲಾಸಿಗೆ ಬರುವ ತಾಂಡದ ಮಗುವಿಗೆ ಅಮ್ಮ ಎಂದರೆ ಯಾಡಿ. ಅದನ್ನು ತಿದ್ದಬೇಡಿ. ಕೇರಿಯ ಮಗುವಿಗೂ ಆ ಪದ ಕಲಿಸಿ. ತಾಳಗುಂದದ ಶಾಸನದ ಪಾಠ ಬಂದಾಗ ಮೂವತ್ತೆರಡು ಮನೆ ಬಂದ ಕಥೆ ಹೇಳಿ. ಆಮೇಲೆ ಉಪ್ಪು ಹೊತ್ತು ಬಂದವರ ಕಥೆ ಹೇಳಿ. ಗಡಿಕಲ್ಲು ತೋರಿಸಿದವನ ಕಥೆಯನ್ನೂ ಹೇಳಿ. ಮೂರನ್ನೂ ಒಂದೇ ದಿನ, ಒಂದೇ ದನಿಯಲ್ಲಿ ಹೇಳಿ. ಕೇಳಿದ ಮಕ್ಕಳು ಮುಂದೆ ಬಸ್ಸಿನಲ್ಲಿ ಪಕ್ಕದವರನ್ನು ಏನು ಕೇಳುತ್ತಾರೋ ನೋಡೋಣ.